ಮಾತು ಬಂದ್

ಪೆಡಲಣ್ಣನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಇಡೀ ಕಾರ್ಖಾನೆಯಲ್ಲಿ ಹಾಜರಿ ಹಾಕುವ ಗುಮಾಸ್ತರೊಬ್ಬರೇ. ಎಣ್ಣೆ ತುಂಬುವ ದೊಡ್ಡ ಡ್ರಮ್ಮುಗಳನ್ನು ಮಾಡುವ ಕಾರ್ಖಾನೆ ಅದು. ಅಲ್ಲಿ ಮೂರನೇ ಪ್ರೆಸ್ಸಿನ ಪೆಡಲಿನ ಮೇಲೆ ಹದಿನಾಲ್ಕು ವರ್ಷದಿಂದ ಬಲಗಾಲಿಟ್ಟುಕೊಂಡು ನಿಂತ ಮನುಷ್ಯನಿಗೆ ಬೇರೆ ಹೆಸರಾದರೂ ಯಾಕೆ ಬೇಕು? ಸಿಟ್ಟು ಬಂದಾಗ ಹೆಂಡತಿ ಕೂಡ, “ಮನೇಲೂ ಪೆಡಲ್ ತುಳಿಯೋಕೆ ಬರಬೇಡಿ” ಎನ್ನುತ್ತಿದ್ದಳು.

ಪ್ರೆಸ್ಸು ಎಂದರೆ ಎರಡಾಳೆತ್ತರದ ಕಬ್ಬಿಣದ ಗೋಡೆ. ಈಚೆ ನಿಂತವನು ದುಂಡಗೆ ಕತ್ತರಿಸಿದ ತಗಡನ್ನು ಒಳಗೆ ಸರಿಸಿ ಪೆಡಲ್ ಒತ್ತುತ್ತಾನೆ. ಮೇಲಿನ ಅಚ್ಚು ದಢಾರನೆ ಇಳಿದು, ತಗಡಿನ ಅಂಚು ಮಡಿಸಿ ಮುಚ್ಚಳ ಮಾಡಿ, ಮತ್ತೆ ಮೇಲೇಳುತ್ತದೆ. ಆಚೆ ನಿಂತವನು ಒಳಗೆ ಕೈ ಹಾಕಿ ಮುಚ್ಚಳವನ್ನು ಎಳೆದು ರಾಶಿಗೆ ಎಸೆಯುತ್ತಾನೆ. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದಿಲ್ಲ. ಅದಕ್ಕೇ ಆಚೆಯವನು ಕೈ ಹೊರಗೆ ತೆಗೆದ ಮೇಲೆ “ಖಾಲಿ!” ಎಂದು ಕೂಗಬೇಕು, ಆ ಕೂಗು ಕಿವಿಗೆ ಬಿದ್ದ ಮೇಲೆ ಈಚೆಯವನು ಒತ್ತಬೇಕು. ಇದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಹಳಬರು ಹೊಸಬರಿಗೆ ಹೇಳಿಕೊಟ್ಟದ್ದು. ಎಂಟು ಪ್ರೆಸ್ಸುಗಳಿದ್ದ ಆ ಶೆಡ್ಡಿನಲ್ಲಿ ದಿನವಿಡೀ ಎಂಟು ಗಂಟಲುಗಳು ಖಾಲಿ ಖಾಲಿ ಎಂದು ಅರಚುತ್ತಿದ್ದವು. ಹೊರಗಿನವರು ಬಂದರೆ ಇದೇನು ಸಂತೆಯೋ ಎಂದು ಬೆರಗಾಗುತ್ತಿದ್ದರು.

ಪೆಡಲಣ್ಣನ ಪ್ರೆಸ್ಸಿನ ಆಚೆ ಬದಿಗೆ ನಿಲ್ಲುತ್ತಿದ್ದವನು ಅವನ ಬಾಮೈದ, ಹೆಂಡತಿಯ ಒಬ್ಬನೇ ತಮ್ಮ. ಆರು ವರ್ಷದ ಹಿಂದೆ ಅವನನ್ನು ಕೆಲಸಕ್ಕೆ ಸೇರಿಸಿದ್ದೂ ಪೆಡಲಣ್ಣನೇ. ಆಗ ಹೆಂಡತಿ, “ಬೇರೆ ಯಾರ ಕೈಗೂ ಕೊಡಬೇಡಿ, ನಿಮ್ಮ ಪ್ರೆಸ್ಸಿಗೇ ಹಾಕಿಸ್ಕೊಳ್ಳಿ, ಅವನು ಸ್ವಲ್ಪ ಆತುರಗಾರ” ಎಂದು ದುಂಬಾಲು ಬಿದ್ದಿದ್ದಳು. ಹಾಗೇ ಆಯಿತು. ಭಾವ ಒತ್ತುವುದು, ಬಾಮೈದ ಎಳೆಯುವುದು. ಬಾಮೈದ ಬರೀ ಖಾಲಿ ಎಂದು ಸುಮ್ಮನಾಗುವ ಜಾತಿಯವನಲ್ಲ. “ಖಾಲಿ ಭಾವ! ಹೊಟ್ಟೇನೂ ಖಾಲಿ ಭಾವ!” ಎಂದು ಊಟದ ಹೊತ್ತಿಗೆ ಸರಿಯಾಗಿ ರಾಗ ಎಳೆಯುತ್ತಿದ್ದ. ರಜೆಯ ದಿನ ಬಂದು ಅಕ್ಕನ ಅಡುಗೆ ಬಾರಿಸಿ, ಭಾವನ ಮಂಚದಲ್ಲೇ ಮಲಗಿ ಗೊರಕೆ ಹೊಡೆಯುತ್ತಿದ್ದ.

ಇಂಥವರ ನಡುವೆ ಹುಳಿ ಹಿಂಡಿದ್ದು ಯೂನಿಯನ್ನು.

ಪ್ರೆಸ್ಸಿನ ಆಚೆ ಬದಿಗೆ ಮೊದಲು ಒಂದು ಕಬ್ಬಿಣದ ಜಾಲರಿ ಇತ್ತು. ಕೈ ಒಳಗಿದ್ದಾಗ ಅದು ಮೇಲಿರುತ್ತಿತ್ತು, ಕೈ ತೆಗೆದು ಅದನ್ನು ಇಳಿಸಿದರೆ ಮಾತ್ರ ಅಚ್ಚು ಅಲುಗುತ್ತಿತ್ತು. ಒಂದೊಂದು ಮುಚ್ಚಳಕ್ಕೂ ಎತ್ತು, ಇಳಿಸು, ಎತ್ತು, ಇಳಿಸು. ಕೆಲಸ ನಿಧಾನ ಎಂದು ಕಂಪನಿಯವರಿಗೆ ಕಿರಿಕಿರಿ. ಯೂನಿಯನ್ನಿನ ಅಧ್ಯಕ್ಷ ಹೊಸ ಒಪ್ಪಂದಕ್ಕೆ ಸಹಿ ಹಾಕಿದ. ಜಾಲರಿ ತೆಗೆಯುವುದು, ಅದಕ್ಕೆ ಬದಲಾಗಿ ಪಾಳಿಗೆ ಅರ್ಧ ಗಂಟೆ ಹೆಚ್ಚು ವಿರಾಮ. ಈ ಅಧ್ಯಕ್ಷನಿಗೆ ಎಲ್ಲರೂ ಹೇಳುತ್ತಿದ್ದುದು ಮೈಕು ಎಂದು. ಅವನು ಭಾಷಣಕ್ಕೆ ನಿಂತರೆ ಮೈಕು ಬೇಕಾಗುತ್ತಿರಲಿಲ್ಲ. ಪಿಸುಗುಟ್ಟಿದರೂ ಪಕ್ಕದ ಬೀದಿಗೆ ಕೇಳುತ್ತಿತ್ತು.

ಒಪ್ಪಂದವನ್ನು ವಿರೋಧಿಸಿ ಎದ್ದು ನಿಂತವನು ಯೂನಿಯನ್ನಿನ ಸಹಕಾರ್ಯದರ್ಶಿ. ಅವನ ಅಡ್ಡಹೆಸರು ಕನ್ನಡಕ. ಸಣ್ಣ ಅಕ್ಷರದಲ್ಲಿರುವುದನ್ನೆಲ್ಲ ಓದಿ, ಓದಿದ್ದನ್ನು ನಾಲ್ಕು ಜನರಿಗೆ ತಿಳಿಸಿ, ತಿಳಿಸಿದ್ದನ್ನು ಮತ್ತೆ ನಾಲ್ಕು ಸಲ ಹೇಳುವ ಮನುಷ್ಯ. “ಜಾಲರಿ ತೆಗೆದರೆ ಕಾರ್ಮಿಕರ ಕೈಗೆ ಯಾರು ಜವಾಬ್ದಾರಿ?” ಎಂದು ಅವನು ಕೇಳಿದ. ಒಳ್ಳೆಯ ಪ್ರಶ್ನೆಯೇ. ಆದರೆ ಸಹಿ ಹಾಕುವಾಗ ತನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರೆ ಅವನು ಅದನ್ನು ಕೇಳುತ್ತಿದ್ದನೋ ಇಲ್ಲವೋ ದೇವರೇ ಬಲ್ಲ. ನನ್ನನ್ನು ಕೇಳಿದರೆ, ಕೇಳುತ್ತಿರಲಿಲ್ಲ.

ಜಾಲರಿಗಳನ್ನು ತೆಗೆದರು, ಕೈ ಕಾಯಲು ಖಾಲಿ ಎನ್ನುವ ಕೂಗೊಂದೇ ಉಳಿಯಿತು. ಯೂನಿಯನ್ನು ಎರಡು ಹೋಳಾಯಿತು. ಮೈಕಿನವರು, ಕನ್ನಡಕದವರು. ಪೆಡಲಣ್ಣ ಕಣ್ಣು ಮುಚ್ಚಿ ಮೈಕಿನವರ ಕಡೆ ನಿಂತ. ಹಿಂದೊಮ್ಮೆ ಕಾರಣವಿಲ್ಲದೆ ಅವನನ್ನು ಮನೆಗೆ ಕಳಿಸಿದ್ದಾಗ ಮೂರು ದಿನ ಗೇಟಿನ ಮುಂದೆ ಕೂತು ಮತ್ತೆ ಒಳಗೆ ಸೇರಿಸಿದವನು ಮೈಕು. ಅದನ್ನು ಮರೆಯುವ ಮನುಷ್ಯ ಪೆಡಲಣ್ಣನಲ್ಲ. ಬಾಮೈದ ಕನ್ನಡಕದವರ ಕಡೆ ಹೋದ. “ಒಳಗೆ ಹೋಗೋದು ನನ್ನ ಕೈ ಭಾವ, ನಿಮ್ಮ ಕಾಲಲ್ಲ” ಎಂದ. ಪೆಡಲಣ್ಣನಿಗೆ ಆ ಮಾತು ಚುಚ್ಚಿತು. ಅದರಲ್ಲಿ ನ್ಯಾಯವಿತ್ತು, ಅದಕ್ಕೇ ಹೆಚ್ಚು ಚುಚ್ಚಿತು.

ಮಹಾಸಭೆಯಲ್ಲಿ ಕುರ್ಚಿಗಳು ಹಾರಾಡಿದವು. ಒಬ್ಬನ ಹಲ್ಲು ಹೋಯಿತು. ಮಾರನೆಯ ದಿನ ಮೈಕಿನವರು ಒಂದು ಠರಾವು ಮಾಡಿದರು: ಕನ್ನಡಕದ ಗುಂಪಿನ ಯಾರ ಜೊತೆಗೂ ನಮ್ಮವರು ಮಾತಾಡಕೂಡದು, ಕೆಲಸದ ಜಾಗದಲ್ಲೂ ಕೂಡದು, ಮನೆಯಲ್ಲೂ ಕೂಡದು. ಅದಾದ ಮರುದಿನ ಕನ್ನಡಕದವರೂ ಪದಕ್ಕೆ ಪದ ಅದೇ ಠರಾವು ಮಾಡಿದರು. ಆ ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಕ್ಯಾಂಟೀನಿನ ಬಾಗಿಲಿನ ಆಚೀಚೆ ಎರಡು ಕರಿಹಲಗೆ ತೂಗುಹಾಕಿದರು. ಯಾರಾದರೂ ಆ ಕಡೆಯವರ ಜೊತೆ ಬಾಯಿಬಿಟ್ಟದ್ದು ಕಂಡರೆ ಅವನ ಹೆಸರು ಸೀಮೆಸುಣ್ಣದಲ್ಲಿ ಹಲಗೆ ಹತ್ತುತ್ತಿತ್ತು. ಹಲಗೆ ಹತ್ತಿದವನ ಜೊತೆ ಸ್ವಂತ ಗುಂಪಿನವರೂ ಊಟಕ್ಕೆ ಕೂರುತ್ತಿರಲಿಲ್ಲ. ಎರಡು ವಾರದಲ್ಲಿ ಒಂಬತ್ತು ಹೆಸರು ಬಿದ್ದವು, ಆಮೇಲೆ ಯಾರದೂ ಬೀಳಲಿಲ್ಲ.

ಹಾಗಾದರೆ ಪ್ರೆಸ್ಸಿನ ಕೂಗು? ಅದೂ ಮಾತೇ ತಾನೆ? ಪೆಡಲಣ್ಣ ಹೋಗಿ ಮೈಕನ್ನು ಕೇಳಿದ. ಮೈಕು ಒಂದು ಗಳಿಗೆ ಯೋಚಿಸಿ, “ಅವರ ಕಡೆಯವನು ಕೂಗಿದ್ರೆ ನೀನು ಕೇಳಿಸ್ಕೊಂಡ ಹಾಗಾಗುತ್ತಲ್ಲಪ್ಪ” ಎಂದ. ಆಚೆ ಕಡೆ ಬಾಮೈದನಿಗೂ ಇಂಥದ್ದೇ ಏನೋ ಅಪ್ಪಣೆ ಆಗಿರಬೇಕು. ಮರುದಿನದಿಂದ ಮೂರನೇ ಪ್ರೆಸ್ಸಿನಲ್ಲಿ ಖಾಲಿ ಎನ್ನುವುದು ನಿಂತಿತು.

ಕೆಲಸ ಮಾತ್ರ ನಿಲ್ಲಲಿಲ್ಲ. ಅಚ್ಚು ಮೇಲೆದ್ದ ಮೇಲೆ ಪೆಡಲಣ್ಣ ಮನಸ್ಸಿನಲ್ಲೇ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ ಒತ್ತುವುದನ್ನು ರೂಢಿ ಮಾಡಿಕೊಂಡ. ಬಾಮೈದ ಮೂರರೊಳಗೆ ಮುಚ್ಚಳ ಎಳೆದು ರಾಶಿಗೆ ಎಸೆಯುತ್ತಿದ್ದ. ಠಣ್ ಎಂದು ಸದ್ದಾಗುತ್ತಿತ್ತು. ಎಷ್ಟೇ ಗದ್ದಲವಿದ್ದರೂ ತನ್ನ ಪ್ರೆಸ್ಸಿನ ಮುಚ್ಚಳ ಬಿದ್ದ ಸದ್ದು ಪೆಡಲಣ್ಣನ ಕಿವಿಗೆ ಬೇರೆಯಾಗಿಯೇ ಕೇಳುತ್ತಿತ್ತು, ಹದಿನಾಲ್ಕು ವರ್ಷದ ಕಿವಿ ಅದು. ಎಣಿಕೆ, ಠಣ್, ಒತ್ತು. ಬೇರೆ ಪ್ರೆಸ್ಸಿನವರೂ ಹೀಗೇ ಏನೇನೋ ಉಪಾಯ ಹುಡುಕಿಕೊಂಡರು. ಮುಚ್ಚಳಗಳ ಲೆಕ್ಕ ಮೊದಲಿಗಿಂತ ಮೇಲೇರಿತು. ಶೆಡ್ಡಿನ ಮೇಸ್ತ್ರಿ, “ಈಗ ನೋಡ್ರಪ್ಪ, ಗಲಾಟೆ ಇಲ್ಲ, ಗದ್ದಲ ಇಲ್ಲ, ಮೊದಲೇ ಜಗಳ ಆಡಿದ್ರೆ ಚೆನ್ನಾಗಿತ್ತು” ಎಂದು ಹಲ್ಲು ಕಿರಿದ.

ಮನೆಯಲ್ಲಿ ಹೆಂಡತಿ ಮೊದಮೊದಲು ನಕ್ಕಳು. ಕತ್ತೆ ವಯಸ್ಸಾದವರು ಹುಡುಗರ ಥರ ಠೂ ಬಿಟ್ಟಿದ್ದಾರೆ ಎಂದಳು. ತಿಂಗಳು ಕಳೆದರೂ ತಮ್ಮ ಒಮ್ಮೆಯೂ ಮನೆ ಕಡೆ ತಲೆ ಹಾಕದಿದ್ದಾಗ ಅವಳ ನಗು ಆರಿತು. ಒಂದು ಬೆಳಿಗ್ಗೆ ಹೊಲಿಗೆ ಮೆಷಿನ್ನಿನ ಮುಂದಿನಿಂದ ಎದ್ದು ಬಂದು, “ಅವನು ಕೆಲಸಕ್ಕೆ ಹೊರಟ ಮೇಲೆ ಅಮ್ಮನಿಗೆ ಜ್ವರ ಏರಿದೆಯಂತೆ, ಅವನಿಗೆ ಹೇಳಿ” ಎಂದಳು.

“ನಾನು ಹೇಗೆ ಹೇಳ್ಲಿ?”

“ಬಾಯಲ್ಲಿ.”

ಪೆಡಲಣ್ಣ ಅವತ್ತು ಬಾಯಲ್ಲಿ ಹೇಳಲಿಲ್ಲ. ಅತ್ತಿತ್ತ ನೋಡಿ, ಒಂದು ತಗಡಿನ ಮೇಲೆ ಸೀಮೆಸುಣ್ಣದಲ್ಲಿ ‘ಅಮ್ಮನಿಗೆ ಜ್ವರ’ ಎಂದು ಬರೆದು ಒಳಗೆ ಸರಿಸಿ ಒತ್ತಿದ. ಅಕ್ಷರಗಳು ಮುಚ್ಚಳದ ಜೊತೆ ಆಚೆ ಹೋದವು. ಆಚೆಯಿಂದ ಈಚೆಗೆ ಏನೂ ಬರುವಂತಿಲ್ಲವಲ್ಲ, ಬಾಮೈದ ಓದಿದನೋ ಬಿಟ್ಟನೋ ತಿಳಿಯಲಿಲ್ಲ. ಸಂಜೆ ಅವನು ತಾಯಿಯ ಮಗ್ಗುಲಲ್ಲಿ ಕೂತಿದ್ದನೆಂದು ಹೆಂಡತಿ ಹೇಳಿದ ಮೇಲೆ ಪೆಡಲಣ್ಣನಿಗೆ ಎಷ್ಟು ಖುಷಿಯಾಯಿತೆಂದರೆ, ಆ ಖುಷಿಯನ್ನು ಮುಚ್ಚಿಕೊಳ್ಳಲು ಎದ್ದು ಹೊರಗೆ ಹೋದ.

ಹೀಗೆ ಎಂಟು ತಿಂಗಳು ನಡೆಯಿತು. ದಿನ ಹೋದ ಹಾಗೆ ಆ ಮೌನದ ಒಳಗೆ ಹಟ ಬೆಳೆಯಿತು. ಠರಾವು ಯಾರು ಮಾಡಿದರು, ಯಾಕೆ ಮಾಡಿದರು ಎನ್ನುವುದು ಹಿಂದೆ ಸರಿದು, ಮೊದಲು ಬಾಯಿ ಬಿಡುವವನು ಅವನೋ ನಾನೋ ಎನ್ನುವುದು ಮುಂದೆ ಬಂತು. ಚಿಕ್ಕವನು ಅವನಲ್ಲವೇ? ಕೆಲಸ ಕೊಡಿಸಿದವನು ನಾನಲ್ಲವೇ? ಪ್ರೆಸ್ಸಿನ ಮುಂದೆ ನಿಂತು ಪೆಡಲಣ್ಣ ತಗಡು ಸರಿಸುತ್ತ ಇದನ್ನೇ ಮೆಲುಕು ಹಾಕುತ್ತಿದ್ದ.

ಆ ದಿನ ಊಟ ಮುಗಿದು ಇನ್ನೂ ಅರ್ಧ ಗಂಟೆ ಆಗಿರಲಿಲ್ಲ. ಅಚ್ಚು ಇಳಿಯಿತು, ಎದ್ದಿತು. ಪೆಡಲಣ್ಣ ಮುಂದಿನ ತಗಡು ಸರಿಸಿದ. ಒಂದು. ಎರಡು. ಮೂರು. ಠಣ್ ಎನ್ನಬೇಕಾದ ಮುಚ್ಚಳ ಠಣ್ ಎನ್ನಲಿಲ್ಲ. ಆ ಸದ್ದು ಬರಲಿಲ್ಲ ಎನ್ನುವುದು ಪೆಡಲಣ್ಣನಿಗೆ ಗೊತ್ತಾಯಿತು, ಬೆಳಗ್ಗೆ ಎದ್ದು ಬೆಳಕಾಗಿದೆ ಎಂದು ಗೊತ್ತಾಗುವಷ್ಟು ಚೆನ್ನಾಗಿ ಗೊತ್ತಾಯಿತು. ಏನಾಯ್ತೋ ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಬೇಕಾದರೆ ಅವನೇ ಕೂಗಲಿ, ಅವನ ಬಾಯಿಗೇನು ಬಂದಿದೆ ಎಂದುಕೊಂಡ. ನಾಲ್ಕು. ಕಾಲು ತನ್ನ ಪಾಡಿಗೆ ಒತ್ತಿತು.

ಮುಚ್ಚಳ ಮೇಲಿನ ಅಚ್ಚಿಗೆ ಅಂಟಿಕೊಂಡಿತ್ತು. ಅದನ್ನು ಕೀಳಲು ಬಾಮೈದ ಬಲಗೈಯನ್ನು ಮೊಣಕೈವರೆಗೆ ಒಳಗೆ ಹಾಕಿದ್ದ. ಎಂಟು ತಿಂಗಳ ಮೇಲೆ ಪೆಡಲಣ್ಣನಿಗೆ ಅವನ ದನಿ ಕೇಳಿಸಿತು. ಅದು ಮಾತಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಮಣಿಕಟ್ಟಿಗಿಂತ ನಾಲ್ಕು ಬೆರಳಿನಷ್ಟು ಮೇಲಕ್ಕೆ ಕೈಯನ್ನು ಕತ್ತರಿಸಿ ತೆಗೆದರು. ಜೋಪಾನ ಮಾಡುವಂಥದ್ದು ಏನೂ ಉಳಿದಿರಲಿಲ್ಲವಂತೆ. ಮೊಗಸಾಲೆಯ ಬೆಂಚಿನ ಮೇಲೆ ಗಂಡ ಹೆಂಡತಿ ಕೂತಿದ್ದರು. ಅವನ ಬೂಟಿನ ಮೇಲೆ ರಕ್ತದ ಕಲೆ ಒಣಗಿತ್ತು, ಅದನ್ನು ಅವಳು ನೋಡುತ್ತಿದ್ದಳು.

“ಅವನು ಕೂಗಿದ್ನಾ?” ಎಂದು ಕೇಳಿದಳು.

“ಇಲ್ಲ.”

“ನೀವು ಕೇಳಿದ್ರಾ?”

“ಇಲ್ಲ.”

ಅವಳು ಅಳಲಿಲ್ಲ. ಸೆರಗಿನ ತುದಿಯಲ್ಲಿ ಮುಖ ಒರೆಸಿಕೊಂಡು, “ಹಾಗಾದ್ರೆ ಯಾವ ಗುಂಪು ಗೆದ್ದಿತು, ಅದನ್ನಾದರೂ ಹೇಳಿ” ಎಂದಳು. ಪೆಡಲಣ್ಣನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಕಾರ್ಖಾನೆಯ ಕಾಯಿದೆ ಹೀಗಿತ್ತು. ಕೈಕಾಲು ಕಳೆದುಕೊಂಡವನ ಸ್ವಂತ ತಪ್ಪಿದ್ದರೆ ಅವನನ್ನು ಮನೆಗೆ ಕಳಿಸುವುದು, ತಪ್ಪು ಬೇರೆಯವರದಾಗಿದ್ದರೆ ಗೇಟಿನಲ್ಲೋ ಉಗ್ರಾಣದಲ್ಲೋ ಕೂತು ಮಾಡುವ ಕೆಲಸ ಕೊಟ್ಟು, ತಪ್ಪು ಮಾಡಿದವನನ್ನು ಮನೆಗೆ ಕಳಿಸುವುದು. ಹತ್ತು ದಿನದಲ್ಲಿ ವಿಚಾರಣೆ ಇಟ್ಟರು. ಬಾಮೈದ ಇನ್ನು ಮುಂದೆ ಹೊಟ್ಟೆಪಾಡಿಗೆ ಏನು ಮಾಡುತ್ತಾನೆ ಎನ್ನುವುದು ಪೆಡಲಣ್ಣ ಆ ದಿನ ಬಾಯಲ್ಲಿ ಏನು ಹೇಳುತ್ತಾನೆ ಎನ್ನುವುದರ ಮೇಲೆ ನಿಂತಿತ್ತು. ಪ್ರೆಸ್ಸಿನ ಹತ್ತಿರ ಬೇರೆ ಸಾಕ್ಷಿ ಇರಲಿಲ್ಲ.

ವಿಚಾರಣೆಗೆ ನಾಲ್ಕು ದಿನ ಇರುವಾಗ ಮೈಕು ಮನೆಗೇ ಬಂದ. ಬಾಗಿಲು ಹಾಕಿಕೊಂಡು ದನಿ ತಗ್ಗಿಸಿ ಮಾತಾಡಿದ. ತಗ್ಗಿಸಿದ್ದು ಅಡುಗೆಮನೆಗೆ ಚೆನ್ನಾಗಿ ಕೇಳಿಸಿತು.

“ನೋಡಪ್ಪ, ಜಾಲರಿ ವಿಷಯ ಎತ್ತಿದ್ರೆ ಸಹಿ ಹಾಕಿದ ನನ್ನ ಕುತ್ತಿಗೆಗೆ ಬರುತ್ತೆ. ಅವನು ನೋಡ್ದೆ ಕೈ ಹಾಕ್ದ ಅಂತ ಹೇಳಿಬಿಡು. ಒಂದೇ ಮಾತು.”

“ಅವನ ಕೆಲಸ ಹೋಗುತ್ತಲ್ಲ ಅಣ್ಣ.”

“ಕೈ ಹೋದವನಿಗೆ ಕೆಲಸ ಇದ್ದರೆಷ್ಟು, ಬಿಟ್ಟರೆಷ್ಟು. ನಿನ್ನ ಕೆಲಸ ನೋಡ್ಕೊ. ನಾನು ಹಿಂದೆ ಮೂರು ದಿನ ಗೇಟಿನಲ್ಲಿ ಯಾರಿಗೋಸ್ಕರ ಕೂತಿದ್ದೆ?”

ಕೊಟ್ಟದ್ದನ್ನು ಹೀಗೆ ಎದುರಿಗೇ ಎತ್ತಿ ಆಡಿದ್ದು ಪೆಡಲಣ್ಣನಿಗೆ ಹೊಸದು. ಅವನು ಸುಮ್ಮನಿದ್ದ. ಸುಮ್ಮನಿದ್ದದ್ದನ್ನೇ ಒಪ್ಪಿಗೆ ಎಂದುಕೊಂಡು ಮೈಕು ಚಹಾ ಕುಡಿದು ಎದ್ದ.

ಮರುದಿನ ಬೀದಿಯ ತಿರುವಿನಲ್ಲಿ ಕನ್ನಡಕ ಅಡ್ಡ ಹಾಕಿದ. ಠರಾವು ಇನ್ನೂ ಜಾರಿಯಲ್ಲಿತ್ತು, ಆದ್ದರಿಂದ ಅವನು ಗೋಡೆಯ ಕಡೆ ಮುಖ ಮಾಡಿ, ಗೋಡೆಗೇ ಹೇಳುವವನಂತೆ ಮಾತಾಡಿದ. “ಜಾಲರಿ ಇಲ್ಲದ್ದಕ್ಕೇ ಹೀಗಾಯ್ತು ಅಂತ ಹೇಳಬೇಕು. ಅಷ್ಟೇ ಹೇಳಬೇಕು. ಕೂಗು ಗೀಗು ಅಂತ ಏನೂ ಬೇಡ.” ಪೆಡಲಣ್ಣನ ಎದೆ ಹಗುರವಾಯಿತು. ಜಾಲರಿ ಇರಲಿಲ್ಲ ಎನ್ನುವುದು ಸುಳ್ಳಲ್ಲ, ಬಾಮೈದನೂ ಉಳಿಯುತ್ತಾನೆ, ತಾನೂ ಉಳಿಯುತ್ತೇನೆ. ಮೈಕಿಗೆ ಎದುರು ನಿಲ್ಲಬೇಕಾಗುತ್ತದೆ, ನಿಂತರಾಯಿತು. ಎಷ್ಟೋ ದಿನದ ಮೇಲೆ ಅವತ್ತು ಅವನಿಗೆ ಅನ್ನ ಇಳಿಯಿತು.

ಆದರೆ ಆ ನಾಲ್ಕು ದಿನದಲ್ಲಿ ಕಂಪನಿಯವರು ಒಂದು ಕಾಗದ ಕಳಿಸಿದರು. ಯೂನಿಯನ್ನು ಎರಡಾಗಿರುವುದರಿಂದ ಮುಂದಿನ ಒಪ್ಪಂದಕ್ಕೆ ಯಾರನ್ನೂ ಕರೆಯುವುದಿಲ್ಲ ಎಂದು. ಮೈಕು ಮತ್ತು ಕನ್ನಡಕ ಇಬ್ಬರಿಗೂ ಬಾಲಕ್ಕೆ ಬೆಂಕಿ ಬಿದ್ದ ಹಾಗಾಯಿತು. ಎಂಟು ತಿಂಗಳು ಎಣ್ಣೆ ಸೀಗೆಕಾಯಿಯಂತಿದ್ದವರು ಒಂದು ಮಧ್ಯಾಹ್ನ ಯೂನಿಯನ್ ಕೋಣೆಯ ಬಾಗಿಲು ಹಾಕಿಕೊಂಡು ಕೂತರು. ಹೊರಗೆ ಬರುವಾಗ ಕನ್ನಡಕ ಪ್ರಧಾನ ಕಾರ್ಯದರ್ಶಿಯಾಗಿದ್ದ. ಜಾಲರಿಯ ಮಾತು ಕೋಣೆಯ ಒಳಗೇ ಉಳಿಯಿತು.

ವಿಚಾರಣೆಯ ಹಿಂದಿನ ದಿನ ಸಂಜೆ ಹೆಂಡತಿ ಅರ್ಧ ಹೊಲಿದ ಅಂಗಿ ಕೈಯಲ್ಲಿ ಹಿಡಿದು ಅವನ ಮುಂದೆ ಬಂದು ಕೂತಳು. “ನಿಮ್ಮ ಕೆಲಸ ಹೋದ್ರೆ ಈ ಮನೆ ನಡೆಯಲ್ಲ. ಅವನ ಕೆಲಸ ಹೋದ್ರೆ ಅವನೂ ಅಮ್ಮನೂ ಉಪವಾಸ. ನಾನು ಯಾರ ಕಡೆ ಅಂತ ಮಾತ್ರ ಕೇಳ್ಬೇಡಿ. ನೀವೆಲ್ಲ ಕಡೆಗಳನ್ನ ಮಾಡ್ಕೊಂಡು ಆಡಿದ್ದು ಸಾಕು.” ಅಷ್ಟು ಹೇಳಿ ಮೆಷಿನ್ನಿಗೆ ಹೋಗಿ ಕೂತಳು.

ವಿಚಾರಣೆ ನಡೆದದ್ದು ಮ್ಯಾನೇಜರರ ಕೋಣೆಯ ಪಕ್ಕದ ಉದ್ದ ಮೇಜಿನ ಕೋಣೆಯಲ್ಲಿ. ಹೊರಗಿನಿಂದ ಬಂದ ಒಬ್ಬ ಅಧಿಕಾರಿ, ಅವನ ಪಕ್ಕದಲ್ಲಿ ಮ್ಯಾನೇಜರ್, ಬರೆದುಕೊಳ್ಳಲು ಒಬ್ಬ ಗುಮಾಸ್ತ. ಗೋಡೆಯ ಪಕ್ಕದ ಬೆಂಚಿನ ಮೇಲೆ ಮೈಕು, ಕನ್ನಡಕ. ಮೈಕಿನ ಕೈ ಕನ್ನಡಕದ ಹೆಗಲ ಮೇಲೆ. ಎದುರಿನ ಕುರ್ಚಿಯಲ್ಲಿ ಬಾಮೈದ, ಕಟ್ಟು ಕಟ್ಟಿದ ತೋಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ. ಎಷ್ಟು ಸೊರಗಿದ್ದನೆಂದರೆ ಕುರ್ಚಿಯಲ್ಲಿ ಇನ್ನೊಬ್ಬನಿಗೆ ಜಾಗವಿತ್ತು.

ಅಧಿಕಾರಿ ಶುರುವಿಗೇ ಹೇಳಿದ, “ಜಾಲರಿ ತೆಗೆಯೋಕೆ ಯೂನಿಯನ್ನೇ ಸಹಿ ಹಾಕಿದೆ. ಯೂನಿಯನ್ನಿನಿಂದ ಈಗಲೂ ಅದಕ್ಕೆ ತಕರಾರಿಲ್ಲ ಅಂತ ಇಬ್ಬರೂ ಬರೆದು ಕೊಟ್ಟಿದ್ದಾರೆ. ಹಾಗಾಗಿ ಆ ವಿಷಯ ಇಲ್ಲಿ ಬರೋದಿಲ್ಲ. ಪ್ರಶ್ನೆ ಒಂದೇ. ತಪ್ಪು ಕೈ ಹಾಕಿದವನದೋ, ಒತ್ತಿದವನದೋ?”

ಪೆಡಲಣ್ಣ ಕನ್ನಡಕದ ಮುಖ ನೋಡಿದ. ಕನ್ನಡಕ ಕನ್ನಡಕವನ್ನು ತೆಗೆದು ಒರೆಸಿಕೊಳ್ಳುತ್ತಿದ್ದ. ಆಗ ಪೆಡಲಣ್ಣನಿಗೆ ಅಸಹ್ಯ ಹುಟ್ಟಿತು. ಅವರಿಬ್ಬರ ಮೇಲೆ ಮಾತ್ರವಲ್ಲ, ಇಷ್ಟು ದಿನ ಅವರ ಮಾತಿಗೆ ತಲೆ ಆಡಿಸಿದ ತನ್ನ ಮೇಲೂ.

“ಒತ್ತಿದವನದು ಸಾರ್” ಎಂದ.

ಬೆಂಚಿನ ಕೆಳಗೆ ಕಾಲುಗಳು ಸರಿದಾಡಿದವು.

“ಬಿಡಿಸಿ ಹೇಳು.”

“ಮುಚ್ಚಳ ರಾಶಿಗೆ ಬಿದ್ದ ಸದ್ದು ಬರ್ಲಿಲ್ಲ. ಬರ್ಲಿಲ್ಲ ಅಂತ ನಂಗೆ ಗೊತ್ತಾಯ್ತು. ಗೊತ್ತಿದ್ದೂ ಒತ್ತಿದೆ.”

“ಯಾಕೆ?”

“ಬೇಕಾದ್ರೆ ಅವನೇ ಕೂಗ್ಲಿ ಅಂತ. ಎಂಟು ತಿಂಗಳಿಂದ ನಾವಿಬ್ರೂ ಮಾತಾಡ್ತಿರ್ಲಿಲ್ಲ ಸಾರ್. ಮಾತಾಡಬಾರದು ಅಂತ ಯೂನಿಯನ್ನಿನ ಅಪ್ಪಣೆ ಆಗಿತ್ತು. ಎರಡೂ ಕಡೆಯಿಂದ. ಅದಕ್ಕೇ ಖಾಲಿ ಅನ್ನೋದನ್ನೂ ನಿಲ್ಲಿಸಿದ್ವಿ.”

ಮೈಕು ಮತ್ತು ಕನ್ನಡಕ ಒಟ್ಟಿಗೇ ಎದ್ದರು. ಇದು ಯೂನಿಯನ್ನಿನ ಒಳಗಿನ ವಿಷಯ ಎಂದು ಒಬ್ಬ, ವಿಚಾರಣೆಗೆ ಸಂಬಂಧವಿಲ್ಲದ್ದು ಎಂದು ಇನ್ನೊಬ್ಬ. ಇಬ್ಬರ ದನಿಯೂ ಒಂದೇ ಶ್ರುತಿಯಲ್ಲಿತ್ತು. ಮ್ಯಾನೇಜರ್ ಅಧಿಕಾರಿಯ ಕಿವಿಯಲ್ಲಿ ಏನೋ ಹೇಳಿದ. ಅಧಿಕಾರಿ ತಲೆಯಾಡಿಸಿ, ಗುಮಾಸ್ತನಿಗೆ, “ಗೊತ್ತಿದ್ದೂ ಒತ್ತಿದೆ ಅನ್ನೋವರೆಗೆ ಬರ್ಕೊ. ಆಮೇಲಿಂದು ಬೇಡ” ಎಂದ. ನಂತರ ಬಾಮೈದನ ಕಡೆ ತಿರುಗಿ, “ನೀನೇನಾದ್ರೂ ಹೇಳೋದಿದೆಯಾ?” ಎಂದು ಕೇಳಿದ.

ಬಾಮೈದ ತಲೆ ಅಲ್ಲಾಡಿಸಿದ. ಇಲ್ಲ.

ಹೀಗೆ, ಕಾಗದದ ಪ್ರಕಾರ, ಪೆಡಲಣ್ಣ ಎನ್ನುವವನು ಏನೂ ಕಾರಣವಿಲ್ಲದೆ ಬೇಕೆಂದೇ ಹೆಂಡತಿಯ ತಮ್ಮನ ಕೈಯನ್ನು ಜಜ್ಜಿದವನಾದ. ಗುಮಾಸ್ತ ಓದಿ ಹೇಳಿದಾಗ ಅವನಿಗೂ ಅದು ಯಾರೋ ಕೊಲೆಗಡುಕನ ಕಥೆ ಎನ್ನಿಸಿತು. ಸಹಿ ಹಾಕು ಎಂದರು. ಹಾಕಿದ. ಇಷ್ಟಕ್ಕೆ ಬಾಮೈದ ಉಳಿದನಲ್ಲ, ಅಷ್ಟು ಸಾಕು ಎಂದುಕೊಂಡು ಹಾಕಿದ.

ವಾರದೊಳಗೆ ಅವನ ಕೆಲಸ ಹೋಯಿತು. ಪೊಲೀಸರವರೆಗೆ ಹೋಗದಂತೆ ಮೈಕು, ಕನ್ನಡಕ ಇಬ್ಬರೂ ಓಡಾಡಿ ನೋಡಿಕೊಂಡರು, ಪೊಲೀಸರು ಕಾರಣ ಕೇಳುತ್ತಾರಲ್ಲ. ಕ್ಯಾಂಟೀನಿನ ಕರಿಹಲಗೆಗಳನ್ನು ಇಳಿಸಿದರು. ಶೆಡ್ಡಿನಲ್ಲಿ ಮತ್ತೆ ಖಾಲಿ ಖಾಲಿ ಎನ್ನುವ ಅರಚಾಟ ಶುರುವಾಯಿತು. ಒಂದಾದ ಯೂನಿಯನ್ನು ಮೊದಲ ಸಭೆಯಲ್ಲಿ ಮೊದಲ ಠರಾವನ್ನು ಅವಿರೋಧವಾಗಿ ಪಾಸು ಮಾಡಿತು: ಯೂನಿಯನ್ನಿನ ಮಾನ ಕಳೆಯಲು ನೋಡಿದ, ಜೊತೆಗಾರನ ಕೈ ಕಳೆದ ಪೆಡಲಣ್ಣನ ಸದಸ್ಯತ್ವ ರದ್ದು. ಅವನ ಜೊತೆ ಯಾವ ಸದಸ್ಯನೂ ಮಾತಾಡಕೂಡದು. ನೂರಾ ಎಂಬತ್ತು ಕೈಗಳು ಒಟ್ಟಿಗೆ ಮೇಲೆದ್ದವು ಎಂದು ಯಾರೋ ಹೇಳಿದ್ದು ಸುತ್ತಿ ಬಳಸಿ ಅವನ ಹೆಂಡತಿಯ ಕಿವಿಗೆ ಬಿತ್ತು. ಅವಳು ಅದನ್ನು ಗಂಡನಿಗೆ ಹೇಳಿದಾಗ ಅವನು ತರಕಾರಿ ಮಂಡಿಯಲ್ಲಿ ಮೂಟೆ ಹೊತ್ತು ಬಂದು ಕಾಲು ತೊಳೆಯುತ್ತಿದ್ದ. ಆ ಕೈಗಳಲ್ಲಿ ಬಾಮೈದನ ಕೈಯೂ ಇತ್ತೇ ಎಂದು ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಒಂದೂವರೆ ತಿಂಗಳಾದ ಮೇಲೆ ಪೆಡಲಣ್ಣ ತನ್ನ ಪೆಟ್ಟಿಗೆಯಲ್ಲಿ ಉಳಿದಿದ್ದ ಬಟ್ಟೆ, ಬೂಟು ತರಲು ಕಾರ್ಖಾನೆಗೆ ಹೋದ. ಎಲ್ಲರೂ ಒಳಗಿರುವ ಹೊತ್ತು ನೋಡಿಕೊಂಡು ಹೋದ. ಗೇಟಿನ ಪಕ್ಕದ ಚಿಕ್ಕ ಕೋಣೆಯ ಕಿಟಕಿಯಲ್ಲಿ ಬಾಮೈದ ಕೂತಿದ್ದ. ಅಳತೆಗೆ ಮೀರಿದ ಖಾಕಿ ಅಂಗಿ, ಬಲದ ತೋಳನ್ನು ಮಡಿಸಿ ಪಿನ್ನು ಚುಚ್ಚಿತ್ತು. ಎಡಗೈಯಲ್ಲಿ ಪೆನ್ನು ಹಿಡಿದು ಒಂದೊಂದೇ ಅಕ್ಷರವನ್ನು ಗುದ್ದಾಡಿಕೊಂಡು ಬರೆಯುತ್ತಿದ್ದ. ತಲೆ ಎತ್ತಿ ನೋಡಿದ, ಅಂಗಳದ ಕಡೆ ಒಮ್ಮೆ ತಿರುಗಿ ನೋಡಿದ, ಯಾರೂ ಇರಲಿಲ್ಲ.

“ಭಾವ, ಒಳಗೆ ಬಿಡೋ ಹಾಗಿಲ್ಲ” ಎಂದ.

ಇಷ್ಟು ತಿಂಗಳ ಮೇಲೆ ಕೇಳಿದ ಮೊದಲ ಮಾತು ಅದು. ಮಾತು ಯಾವುದಾದರೇನು, ಆ ದನಿ ಕೇಳಿ ಪೆಡಲಣ್ಣ ಕಿಟಕಿಯ ಹತ್ತಿರಕ್ಕೆ ಸರಿದ.

“ಗೊತ್ತು ಕಣೋ. ನನ್ನ ಸಾಮಾನು ತಗೊಂಡು ಹೋಗೋಣ ಅಂತ ಬಂದೆ.”

“ಇಲ್ಲೇ ತರಿಸಿಟ್ಟಿದೀನಿ.” ಬಾಮೈದ ಕಾಲಿನಿಂದ ಒಂದು ಚೀಲವನ್ನು ಬಾಗಿಲಿನವರೆಗೆ ನೂಕಿದ. ಪೆಡಲಣ್ಣ ಬಗ್ಗಿ ಎತ್ತಿಕೊಂಡ. ಹೋಗಬೇಕಿತ್ತು, ಕಾಲು ಬರಲಿಲ್ಲ.

“ನೋವು ಹೇಗಿದೆ?”

“ನೋವು ಇಲ್ಲ. ಇಲ್ಲದಿರೋ ಬೆರಳುಗಳಲ್ಲಿ ನವೆ ಭಾವ. ಎಲ್ಲಿ ಕೆರ್ಕೊಳ್ಳೋದು ಗೊತ್ತಾಗಲ್ಲ.” ಬಾಮೈದ ನಗಲು ನೋಡಿದ. ಆಮೇಲೆ ಪೆನ್ನನ್ನು ಮೇಜಿನ ಮೇಲಿಟ್ಟು, ಅದನ್ನೇ ನೋಡುತ್ತ ಹೇಳಿದ, “ಅವತ್ತು ಮುಚ್ಚಳ ಅಂಟ್ಕೊಂಡಿದ್ದು ನಂಗೆ ಮೊದ್ಲೇ ಕಾಣಿಸ್ತು. ನಿಲ್ಸಿ ಅಂತ ಕೂಗೋಕೆ ಟೈಮಿತ್ತು. ಬಾಯಿ ತೆಗೆದೂ ಇದ್ದೆ. ನಾನ್ಯಾಕೆ ಮೊದ್ಲು ಸೋಲಬೇಕು ಅನ್ನಿಸ್ತು. ನೀವು ಎಣಿಸೋದ್ರೊಳಗೆ ಕಿತ್ತುಬಿಡ್ತೀನಿ ಅಂದ್ಕೊಂಡು ಕೈ ಹಾಕಿದೆ.”

ಪೆಡಲಣ್ಣ ಕಿಟಕಿಯ ಸರಳು ಹಿಡಿದುಕೊಂಡ.

“ವಿಚಾರಣೇಲಿ ನಿನ್ನ ಕೇಳಿದ್ರಲ್ಲೋ.”

“ಹೇಳಿದ್ರೆ ಈ ಕುರ್ಚಿ ಸಿಗ್ತಿರ್ಲಿಲ್ಲ ಭಾವ.”

ಸಿಟ್ಟು ಬಂತು. ಸರಳಿನ ಸಂದಿಯಲ್ಲಿ ಕೈ ತೂರಿಸಿ ಆ ಖಾಕಿ ಅಂಗಿಯ ಕೊರಳಪಟ್ಟಿ ಹಿಡಿದು ಜಗ್ಗಬೇಕು ಎನ್ನುವಷ್ಟು ಬಂತು. ತಾನು ಹೊತ್ತದ್ದರಲ್ಲಿ ಅರ್ಧ ಅವನದು. ಅಲ್ಲಿ ಒಂದು 'ಹೂಂ' ಅಂದಿದ್ದರೆ ಕಾಗದದಲ್ಲಿ ತಾನು ಕಟುಕನಾಗುತ್ತಿರಲಿಲ್ಲ. ಆದರೆ ಹಿಡಿದು ಜಗ್ಗಲು ಅವನ ಮೈಯಲ್ಲಿ ಉಳಿದದ್ದಾದರೂ ಎಷ್ಟು? ಅವನು ಕೆಲಸ ಕಳೆದುಕೊಂಡಿದ್ದರೆ ತಾನು ನೆಮ್ಮದಿಯಾಗಿರುತ್ತಿದ್ದೆನೇ? ಇರುತ್ತಿರಲಿಲ್ಲ. ಸಿಟ್ಟು ಬಂದಷ್ಟೇ ಬೇಗ ಇಳಿಯಿತು, ಇಳಿದ ಜಾಗದಲ್ಲಿ ಬರೀ ದಣಿವು ಉಳಿಯಿತು.

“ಇದನ್ನ ನಿಮ್ಮಕ್ಕನಿಗೆ ಹೇಳ್ಬೇಡ” ಎಂದ.

“ಇಲ್ಲ ಭಾವ.”

“ರಜೆ ದಿನ ಮನೆಗೆ ಬಾ. ಅವಳು ದಿನಾ ಬಾಗಿಲು ನೋಡ್ತಾಳೆ.”

ಬಾಮೈದ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಊಟದ ಸೈರನ್ ಆಯಿತು. ಶೆಡ್ಡಿನ ಬಾಗಿಲು ತೆರೆದು ಜನ ಅಂಗಳಕ್ಕೆ ಬಂದರು, ಎಲ್ಲರೂ ಒಟ್ಟಿಗೆ, ಜೋರಾಗಿ ಮಾತಾಡಿಕೊಂಡು. ಮುಂದೆ ಮೈಕು, ಅವನ ಪಕ್ಕದಲ್ಲಿ ಕನ್ನಡಕ. ಬಾಮೈದ ಅವರನ್ನು ನೋಡಿದ. ತೆರೆದ ಬಾಯನ್ನು ಮುಚ್ಚಿ, ಎಡಗೈಗೆ ಪೆನ್ನು ತೆಗೆದುಕೊಂಡು ಪುಸ್ತಕದ ಮೇಲೆ ಬಗ್ಗಿದ.

“ಬರ್ತೀಯಲ್ಲ?” ಎಂದು ಪೆಡಲಣ್ಣ ಕೇಳಿದ.

ಪೆನ್ನು ಕಾಗದದ ಮೇಲೆ ಓಡಾಡುತ್ತಿತ್ತು, ಅಕ್ಷರ ಮಾತ್ರ ಒಂದೂ ಮೂಡುತ್ತಿರಲಿಲ್ಲ. ಪೆಡಲಣ್ಣ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಅವರು ಹತ್ತಿರ ಬರುವ ಮೊದಲೇ ರಸ್ತೆ ದಾಟಿದ.